ಹೈಗದ ಬೇರು, ಅಣಬೆಯ ನೂಲು



ಮಳೆ ಹಿಡಿದು ಎರಡು ವಾರವಾಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಣಬೆಗಳ ದರಬಾರು. ಹುತ್ತದ ಮಗ್ಗುಲಲ್ಲಿ, ಲಡ್ಡು ಹಿಡಿದ ಹಲಸಿನ ಕೊರಡಿನ ಮೇಲೆ, ಸೊಪ್ಪಿನಬೆಟ್ಟದ ದರಕಿನ ಅಡಿಯಲ್ಲಿ, ನಿನ್ನೆ ಇಲ್ಲದ್ದು ಇವತ್ತು ಎದ್ದಿರುತ್ತದೆ. ನಾಲ್ಕು ದಿನ ಕಳೆದರೆ ಕರಗಿ ಹೋಗುತ್ತದೆ. ತಿನ್ನುವವರು ಬುಟ್ಟಿ ಹಿಡಿದು ಹೊರಡುತ್ತಾರೆ. ತಿನ್ನದವರು ನಾಯಿಕೊಡೆ ಎಂದು ಕಾಲಿನಿಂದ ತಳ್ಳಿ ಮುಂದೆ ಹೋಗುತ್ತಾರೆ. ಅಡಿಕೆ ತೋಟದ ಮನೆಗಳಲ್ಲಿ ಈ ಎರಡನೆಯವರೇ ಹೆಚ್ಚು.

ಇವತ್ತು ನಾನು ಅಣಬೆಯ ಅಡುಗೆಯ ಬಗ್ಗೆ ಹೇಳುವುದಿಲ್ಲ. ಅಣಬೆಗೂ ಮರಕ್ಕೂ ಇರುವ ನಂಟಿನ ಬಗ್ಗೆ ಹೇಳುತ್ತೇನೆ. ಹೇಳಬೇಕಾದದ್ದು ಒಂದೇ ಮಾತು. ನಮ್ಮ ಕಾನಿನ ಕೆಲವು ದೊಡ್ಡ ಮರಗಳು ಅಣಬೆಯ ಜೊತೆಯಿಲ್ಲದೆ ಏಳಿಗೆಯಾಗುವುದಿಲ್ಲ. ಆ ಜೊತೆ ಉಳಿದಿರುವುದು ಹಳೆಯ ಕಾಡಿನ ಹಳೆಯ ಮಣ್ಣಿನಲ್ಲಿ. ಸಸಿ ನೆಟ್ಟ ಮಾತ್ರಕ್ಕೆ ಅದು ತಾನಾಗಿ ಬರುವುದಿಲ್ಲ.

ಮೊದಲು ಅಣಬೆಯನ್ನೇ ನೋಡೋಣ. ನೆಲದ ಮೇಲೆ ಕಾಣುವ ಕೊಡೆ ಇಡೀ ಜೀವಿಯಲ್ಲ. ಬೀಜಕ ಉದುರಿಸಲಿಕ್ಕೆ ಎದ್ದ ಒಂದು ಅಂಗ ಅಷ್ಟೇ. ಜೀವಿ ಇರುವುದು ಕೆಳಗೆ, ಮಣ್ಣಿನಲ್ಲಿ, ಬಿಳಿಯ ನೂಲುಗಳ ಬಲೆಯಾಗಿ. ಒಂದೊಂದು ನೂಲೂ ತಲೆಗೂದಲಿನ ಹತ್ತರಲ್ಲೊಂದು ಪಾಲಿನಷ್ಟು ತೆಳು. ಮಣ್ಣು ನೆನೆದಾಗ ಈ ಬಲೆ ಒಂದೆಡೆ ಗಂಟು ಕಟ್ಟುತ್ತದೆ. ನೀರು ತುಂಬಿಕೊಳ್ಳುತ್ತದೆ. ಕೊಡೆ ಮೇಲೇಳುತ್ತದೆ.

ಕೊಡೆಯ ಅಡಿಭಾಗವನ್ನು ಒಮ್ಮೆ ಬೆರಳಿನಿಂದ ಸವರಿ. ತೆಳ್ಳನೆಯ ಪದರಗಳು ಒತ್ತೊತ್ತಾಗಿ ಸಿಗುತ್ತವೆ. ಬೀಜಕಗಳು ಇರುವುದು ಆ ಪದರಗಳ ಮೈಮೇಲೆ. ಪ್ರತಿ ಬೀಜಕದ ಬುಡದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೀರಹನಿ ಕೂಡುತ್ತದೆ. ಆ ಹನಿ ಬೀಜಕದ ಮೈಗೆ ಜಾರಿದ ಕ್ಷಣದಲ್ಲೇ ಬೀಜಕ ಚಿಮ್ಮಿ ಆಚೆ ಬೀಳುತ್ತದೆ. ಉಳಿದದ್ದು ಗಾಳಿಯ ಕೆಲಸ. ಮೇಲೊಂದು ಕೊಡೆ ಯಾಕೆ ಬೇಕು ಎಂಬುದು ಈಗ ತಿಳಿಯಿತಲ್ಲ? ನಮ್ಮಂಥ ಮಳೆಯಲ್ಲಿ ಅದಿಲ್ಲದಿದ್ದರೆ ಈ ನಾಜೂಕಿನ ಕೆಲಸವೆಲ್ಲ ಕೊಚ್ಚಿಕೊಂಡು ಹೋದೀತು. ಈ ಆಕಾರವೂ ಇತ್ತೀಚಿನದಲ್ಲ. ಬ್ರೆಜಿಲ್ ದೇಶದ ಸುಣ್ಣಕಲ್ಲಿನಲ್ಲಿ ಎರಡು ಇಂಚು ಎತ್ತರದ ಒಂದು ಅಣಬೆ, ಪದರ ಸಮೇತ, ಅಚ್ಚಾಗಿ ಸಿಕ್ಕಿದೆ. ಅದರ ವಯಸ್ಸು ಸುಮಾರು 11.5 ಕೋಟಿ ವರ್ಷ.

ನಾವು ಶಾಲೆಯಲ್ಲಿ ಓದುವಾಗ ಅಣಬೆಯನ್ನು ಸಸ್ಯಗಳ ಪಾಠದಲ್ಲಿ ಸೇರಿಸಿದ್ದರು. ವಂಶ ಹಿಡಿದು ಹೋದರೆ ಅದು ಗಿಡಕ್ಕಿಂತ ಪ್ರಾಣಿಗೇ ಹತ್ತಿರ. ಹೆಚ್ಚುಕಡಿಮೆ 100 ಕೋಟಿ ವರ್ಷಗಳ ಹಿಂದೆ ಅಣಬೆಯ ದಾರಿ ಮತ್ತು ಪ್ರಾಣಿಗಳ ದಾರಿ ಬೇರೆಯಾದವು. ಏಡಿ, ಸಿಗಡಿಗಳ ಚಿಪ್ಪಿನಲ್ಲಿರುವ ಕೈಟಿನ್ ಎಂಬ ವಸ್ತುವೇ ಅಣಬೆಯ ನೂಲಿನ ಗೋಡೆಯಲ್ಲೂ ಇದೆ. ಅಣಬೆಗೆ ಹಸಿರು ಇಲ್ಲ. ಬಿಸಿಲಿನಿಂದ ಅನ್ನ ಮಾಡಿಕೊಳ್ಳಲು ಬರುವುದಿಲ್ಲ. ಬೇರೆಯವರಿಂದಲೇ ಪಡೆಯಬೇಕು.

ಅಂದರೆ, ಅಣಬೆ ಮಣ್ಣಿನೊಳಗಿನ ನೂಲು. ಅದು ದುಡಿದು ತಿನ್ನಬೇಕಾದ ಜೀವಿ. ಇಷ್ಟನ್ನು ನೆನಪಿಟ್ಟುಕೊಳ್ಳಿ. ಈಗ ಅದು ಹೇಗೆ ದುಡಿಯುತ್ತದೆ ಎಂಬ ವಿಷಯ.

ಹೆಚ್ಚಿನ ಅಣಬೆಗಳದ್ದು ಕೊಳೆಸುವ ಕೆಲಸ. ಬಿದ್ದ ಮರ, ಉದುರಿದ ಎಲೆ ಅವುಗಳ ಊಟ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವಿದೆ. ಅದನ್ನು ಪೂರ್ತಿ ಕರಗಿಸುವ ವಿದ್ಯೆ ಕೊಡೆ ಅಣಬೆಗಳ ಪೂರ್ವಜರಿಗೆ ಸುಮಾರು 30 ಕೋಟಿ ವರ್ಷಗಳ ಹಿಂದೆ ದಕ್ಕಿತು. ಈ ಗುಂಪಿನಲ್ಲಿ ಬದುಕಿರುವ ಮರವನ್ನು ಮುಟ್ಟುವ ದುಷ್ಟರೂ ಇದ್ದಾರೆ. ಅಡಿಕೆ ಬೆಳೆಗಾರರು ಅಣಬೆ ರೋಗ ಎನ್ನುತ್ತಾರಲ್ಲ, ಮರದ ಬುಡದಲ್ಲಿ ಕಂದು ಬಣ್ಣದ ಗಟ್ಟಿ ಹಲಗೆ ಮೂಡುವುದು, ಅದು ಗ್ಯಾನೋಡರ್ಮಾ. ಆದರೆ ನಮ್ಮ ದೊಡ್ಡ ಶತ್ರು ಕೊಳೆರೋಗ ಮಾತ್ರ ಅಣಬೆಯ ಲೆಕ್ಕಕ್ಕೆ ಬರುವುದಿಲ್ಲ. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅದನ್ನು ಅಭ್ಯಾಸ ಮಾಡಿದ ಕಾಲಕ್ಕೆ ಶಿಲೀಂಧ್ರವೆಂದೇ ಎಣಿಸಿದ್ದರು. ಈಗಿನ ವರ್ಗೀಕರಣದಲ್ಲಿ ಅದು ಸಮುದ್ರದ ಕಂದುಪಾಚಿಯ ನೆಂಟ. ಬೋರ್ಡೋ ಹೊಡೆಯುವಾಗ ಬೈಯುವುದಿದ್ದರೆ ಪಾಚಿಯ ಕುಲವನ್ನು ಬೈಯಬೇಕು!

ಇನ್ನು ಹುತ್ತದ ಅಣಬೆ. ಕಾಡಂಚಿನ ಸಿದ್ದಿ, ಕುಣಬಿ ಮನೆಗಳಲ್ಲಿ ಇದರ ರುಚಿ ಬಲ್ಲವರಿದ್ದಾರೆ. ಇದನ್ನು ಬೆಳೆಯುವುದು ಗೆದ್ದಲು. ತರಗೆಲೆ, ಕಡ್ಡಿ ತಂದು ಅಗಿದು, ಹುತ್ತದೊಳಗೆ ಗೂಡು ಕಟ್ಟಿ, ಅದರ ಮೇಲೆ ಈ ಅಣಬೆಯ ನೂಲನ್ನು ಸಾಕುತ್ತದೆ. ಆಫ್ರಿಕಾದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಶುರುವಾದ ಬೇಸಾಯ ಇದು. ಮನುಷ್ಯನ ಬೇಸಾಯಕ್ಕೆ ಹತ್ತೋ ಹನ್ನೆರಡೋ ಸಾವಿರ ವರ್ಷ. ಹುತ್ತದಣಬೆಯ ಕಥೆಯೇ ಒಂದು ಭಾಷಣಕ್ಕಾಗುವಷ್ಟಿದೆ. ಇವತ್ತು ಅಲ್ಲಿಗೇ ಬಿಡುತ್ತೇನೆ.

ಕೊಳೆಸುವ ಅಣಬೆ ಆಯಿತು, ಗೆದ್ದಲು ಸಾಕುವ ಅಣಬೆ ಆಯಿತು. ಉಳಿದದ್ದು ನಮ್ಮ ವಿಷಯ. ಬದುಕಿರುವ ಬೇರಿನ ಜೊತೆ ಬಾಳುವ ಶಿಲೀಂಧ್ರ. ಇದರಲ್ಲೂ ಎರಡು ಕುಲ. ಒಂದು ಬಹಳ ಹಳೆಯದು, ಕೊಡೆ ಎಬ್ಬಿಸದ್ದು. ಇನ್ನೊಂದು ಅದಕ್ಕಿಂತ ಕಿರಿಯದು, ಕೊಡೆ ಎಬ್ಬಿಸುವಂಥದ್ದು.

ಹಳೆಯದರಿಂದ ಶುರು ಮಾಡೋಣ. ಸ್ಕಾಟ್ಲೆಂಡಿನಲ್ಲಿ ರೈನಿ ಎಂಬ ಹಳ್ಳಿಯಿದೆ. ಅಲ್ಲಿಯ ಕಲ್ಲಿನಲ್ಲಿ 40 ಕೋಟಿ ವರ್ಷಗಳ ಹಿಂದಿನ ಪುಟ್ಟ ಗಿಡಗಳು ಜೀವಕೋಶದ ಸಮೇತ ಉಳಿದಿವೆ. ಆ ಗಿಡಗಳಿಗೆ ಎಲೆಯಿಲ್ಲ, ಸರಿಯಾದ ಬೇರೂ ಇಲ್ಲ. ಆದರೆ ಕಾಂಡದ ಕೋಶಗಳ ಒಳಗೆ ಶಿಲೀಂಧ್ರವಿದೆ! ಸಣ್ಣ ಪೊದೆಯ ಆಕಾರದಲ್ಲಿ ಕವಲೊಡೆದು ಕೂತಿದೆ. ಅಂದರೆ ಗಿಡಗಳು ನೀರಿನಿಂದ ನೆಲಕ್ಕೆ ಬಂದು, ಬೇರು ಬಿಡಲು ಕಲಿಯುವ ಮೊದಲೇ ಈ ಜೊತೆಗಾರ ಸಿಕ್ಕಿದ್ದ.

ಅದೇ ಜೊತೆಗಾರನ ವಂಶದವರು ಇವತ್ತು ನಿಮ್ಮ ತೋಟದಲ್ಲಿದ್ದಾರೆ. ಅಡಿಕೆ, ಕಾಳುಮೆಣಸು, ಏಲಕ್ಕಿ, ಬಾಳೆ, ಎಲ್ಲದರ ಬೇರಿನೊಳಗೂ ಇವರ ವಾಸ. ಭೂಮಿಯ ಮೇಲಿನ ಗಿಡಗಳಲ್ಲಿ ನೂರಕ್ಕೆ ಸುಮಾರು 70 ಪಾಲು ಇವರನ್ನೇ ನಂಬಿವೆ. ಕೃಷಿ ಇಲಾಖೆಯ ಮಾತಿನಲ್ಲಿ ವ್ಯಾಮ್ ಎಂದು ನೀವು ಕೇಳಿರಬಹುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ಮತ್ತು ಸಂಗಡಿಗರು ದಶಕಗಳ ಕಾಲ ಇದರ ಮೇಲೆ ಕೆಲಸ ಮಾಡಿದ್ದಾರೆ.

ನಮ್ಮ ಮಣ್ಣಿಗೆ ಇದು ಯಾಕೆ ಮುಖ್ಯ? ನಮ್ಮದು ಜಂಬಿಟ್ಟಿಗೆಯ ಕೆಂಪು ಮಣ್ಣು. ವರ್ಷಕ್ಕೆ ಎರಡೂವರೆ ಮೂರು ಸಾವಿರ ಮಿಲಿಮೀಟರ್ ಮಳೆ ಸುರಿದು ಸತ್ವವೆಲ್ಲ ತೊಳೆದು ಹೋಗಿದೆ. ಉಳಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡಿವೆ. ಬೇರು ಅದನ್ನು ಬಿಡಿಸಿಕೊಳ್ಳಲು ಒದ್ದಾಡುತ್ತದೆ. ಬೇರು ನುಗ್ಗಲಾರದ ಸಂದಿಗೆ ನೂಲು ನುಗ್ಗುತ್ತದೆ. ರಂಜಕ, ಸಾರಜನಕ, ನೀರು ತಂದುಕೊಡುತ್ತದೆ. ಬದಲಿಗೆ ಸಕ್ಕರೆ ಪಡೆಯುತ್ತದೆ. ಶಿರಸಿ ಸೀಮೆಯವರಿಗೆ ಸೊಸೈಟಿ ಖಾತೆ ಗೊತ್ತಿದೆ. ಅಡಿಕೆ ಹಾಕುತ್ತೇವೆ, ಬೇಕಾದ ಸಾಮಾನು ತರುತ್ತೇವೆ, ಲೆಕ್ಕ ವರ್ಷಪೂರ್ತಿ ನಡೆದೇ ಇರುತ್ತದೆ. ಬೇರಿನ ಬಳಿಯ ವ್ಯವಹಾರವೂ ಅದೇ. ಎಲೆ ತಯಾರಿಸಿದ ಸಕ್ಕರೆಯ ಹತ್ತು ಪಾಲಿನಲ್ಲಿ ಒಂದು ಪಾಲು, ಕೆಲವೊಮ್ಮೆ ಎರಡು ಪಾಲು ಶಿಲೀಂಧ್ರದ ಖಾತೆಗೆ ಹೋಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಕೊಡೆಯಿಲ್ಲದ ಹಳೆಯ ಜೊತೆಗಾರನ ಮಾತು. ಹೊನ್ನೆ, ನಂದಿ, ಮಾವು, ಹಲಸು, ಸಾಗುವಾನಿ, ಹೆಚ್ಚಿನ ಮರಗಳಿಗೆ ಇವನೇ ಸಾಕು. ಹಾಗಾದರೆ ಕೊಡೆ ಅಣಬೆ ಯಾವಾಗ ಮರದ ಜೊತೆಗೆ ಸೇರಿತು? ಈ ಭಾಗ ನನಗೆ ಬಹಳ ಇಷ್ಟ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೊಡೆ ಅಣಬೆಗಳ ಪೂರ್ವಜರು ಕೊಳೆಸುವವರು ಎಂದೆನಲ್ಲ. ಅವರಲ್ಲಿ ಕೆಲವರು ಕಾಲಾಂತರದಲ್ಲಿ ಕಸುಬು ಬದಲಿಸಿದರು. ಸತ್ತ ಮರ ಕರಗಿಸುವುದನ್ನು ಬಿಟ್ಟು ಬದುಕಿರುವ ಮರದ ಬೇರಿನಿಂದಲೇ ಸಕ್ಕರೆ ಪಡೆಯತೊಡಗಿದರು. 2015ರಲ್ಲಿ ಹಲವಾರು ಅಣಬೆಗಳ ವಂಶವಾಹಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದ ಒಂದು ದೊಡ್ಡ ಅಧ್ಯಯನ ಹೊರಬಂತು. ಬೇರಿಗೆ ಸೇರಿದ ಅಣಬೆಗಳಲ್ಲಿ ಮರ ಕರಗಿಸುವ ಕಿಣ್ವಗಳ ವಂಶವಾಹಿಗಳೇ ಬಹುಮಟ್ಟಿಗೆ ಕಳೆದುಹೋಗಿವೆ. ಅಂದರೆ ಹಿಂದಿರುಗುವ ದಾರಿ ಮುಚ್ಚಿದೆ. ಮರವಿಲ್ಲದೆ ಅವಕ್ಕೆ ಊಟವಿಲ್ಲ. ಇದು ಒಂದೇ ಸಲ ಆದದ್ದೂ ಅಲ್ಲ. ಶಿಲೀಂಧ್ರಗಳ ಬೇರೆ ಬೇರೆ ಕವಲುಗಳಲ್ಲಿ, ಬೇರೆ ಬೇರೆ ಕಾಲದಲ್ಲಿ, ಸುಮಾರು 80 ಸಲ ಹೀಗಾಗಿದೆ ಎಂದು ಲೆಕ್ಕ ಹಾಕಿದ್ದಾರೆ.

ಈ ಕೊಡೆ ಅಣಬೆಗಳನ್ನು ಜೊತೆಗಿಟ್ಟುಕೊಂಡ ಗಿಡಗಳು ಭೂಮಿಯ ಮೇಲೆ ನೂರಕ್ಕೆ ಎರಡು ಮಾತ್ರ. ತಂಪು ದೇಶಗಳ ಪೈನ್, ಓಕ್ ಮರಗಳು ಆ ಎರಡರೊಳಗೆ ಸೇರಿವೆ. ನಮ್ಮ ಸಹ್ಯಾದ್ರಿಯಲ್ಲಿ ಆ ಸಾಲಿಗೆ ಸೇರುವುದು ಧೂಪದ ಕುಟುಂಬ. ಹಾಲ್ಮಡ್ಡಿ, ಕರಿಧೂಪ ಇವಲ್ಲ, ಅವು ಬೇರೆ. ನಾನು ಹೇಳುವುದು ಸಾಲುಧೂಪ, ಹೈಗ ಮತ್ತು ಎಣ್ಣೆಮರ ಇರುವ ಕುಟುಂಬ. ಹೈಗ ಶಿರಸಿ, ಸಿದ್ದಾಪುರದ ಕಾನುಗಳಲ್ಲಿ ಧಾರಾಳವಾಗಿದೆ. ಎಣ್ಣೆಮರ ಅಪರೂಪ. ಸಿದ್ದಾಪುರ ತಾಲೂಕಿನಲ್ಲಿ, ಹೊನ್ನಾವರದಿಂದ ಜೋಗಕ್ಕೆ ಹೋಗುವ ದಾರಿಯ ಮಲೆಮನೆ ಹತ್ತಿರ, ಕತ್ತಲೆಕಾನು ಎಂಬ ಕಾಡಿದೆಯಲ್ಲ, ಅಲ್ಲಿ ಇದೆ. ಆ ಮರದ ಉತ್ತರದ ಗಡಿ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು.

ಜುಲೈ ತಿಂಗಳಲ್ಲಿ ಹೈಗದ ಬುಡದ ದರಕನ್ನು ಕೈಯಿಂದ ಸರಿಸಿ. ಕಪ್ಪು ಮಣ್ಣಿನ ತೆಳು ಪದರ ಸಿಗುತ್ತದೆ. ಅದರಲ್ಲಿ ಎಳೆಬೇರುಗಳು ಹೆಣೆದುಕೊಂಡಿರುತ್ತವೆ. ಒಂದು ತುಣುಕನ್ನು ನೀರಿನಲ್ಲಿ ಮೆತ್ತಗೆ ತೊಳೆದು ಭೂತಕನ್ನಡಿಯಲ್ಲಿ ನೋಡಿ. ಬೇರಿಗೆ ಇರಬೇಕಾದ ರೋಮಗಳು ಅಲ್ಲಿಲ್ಲ. ತುದಿ ಚೂಪಾಗಿಲ್ಲ, ಮೊಂಡಾಗಿ ಉಬ್ಬಿ, ಗಿಡ್ಡ ಗಿಡ್ಡ ಕವಲುಗಳಾಗಿದೆ. ಮೇಲೊಂದು ಹೊದಿಕೆಯಿದೆ. ಕೆಲವು ಕಡೆ ಬಿಳಿ, ಕೆಲವು ಕಡೆ ಹಳದಿ, ಒಂದೊಂದು ಕಡೆ ಕಡುಕಂದು. ಒಂದೊಂದು ಬಣ್ಣದ ಹಿಂದೆಯೂ ಒಂದೊಂದು ಬೇರೆ ಅಣಬೆ ಇರಬಹುದು. ಹೊದಿಕೆಯಿಂದ ನೂಲುಗಳು ಹೊರಗೆ ಮಣ್ಣಿಗೂ ಹೋಗಿವೆ, ಒಳಗೆ ಬೇರಿನ ಕೋಶಗಳ ನಡುವೆಯೂ ಹೋಗಿವೆ. ಕೋಶದ ಒಳಕ್ಕೆ ಮಾತ್ರ ಹೋಗುವುದಿಲ್ಲ. ಮಣ್ಣನ್ನು ನೇರವಾಗಿ ಮುಟ್ಟುವ ಕೆಲಸವನ್ನು ಮರ ಪೂರ್ತಿ ಅಣಬೆಗೆ ಬಿಟ್ಟುಕೊಟ್ಟಿದೆ.

ಈ ರಚನೆಗೆ 1885ರಲ್ಲಿ ಜರ್ಮನಿಯ ಎ.ಬಿ. ಫ್ರಾಂಕ್ ಮೈಕೊರೈಜಾ ಎಂದು ಹೆಸರಿಟ್ಟರು. ಅವರು ಹೊರಟದ್ದು ಟ್ರಫಲ್ ಎಂಬ ದುಬಾರಿ ಅಣಬೆಯನ್ನು ಬೆಳೆಸುವ ಉಪಾಯ ಹುಡುಕಲಿಕ್ಕೆ. ಸರಕಾರ ಆ ಕೆಲಸ ಒಪ್ಪಿಸಿತ್ತು. ಬೆಳೆ ಕೈಗೂಡಲಿಲ್ಲ, ವಿಜ್ಞಾನ ಸಿಕ್ಕಿತು.

ಸರಿ. ಹೈಗದ ಬೇರು ಅಣಬೆಯ ಹೊದಿಕೆಯೊಳಗೆ ಬಾಳುತ್ತದೆ ಎಂದಾಯಿತು. ಈ ಜೊತೆ ಎಷ್ಟು ಹಳೆಯದು?

ಇದಕ್ಕೆ ಉತ್ತರ ಸಿಕ್ಕಿದ್ದು ಮಡಗಾಸ್ಕರ್ ದ್ವೀಪದಲ್ಲಿ. ಅಲ್ಲಿ ಮಾತ್ರ ಬೆಳೆಯುವ ಒಂದು ಮರದ ಕುಟುಂಬವಿದೆ. ನಮ್ಮ ಧೂಪದ ಕುಟುಂಬಕ್ಕೆ ಅದು ದಾಯಾದಿ. ಫ್ರಾನ್ಸಿನ ವಿಜ್ಞಾನಿಗಳಿದ್ದ ಒಂದು ತಂಡ ಅವುಗಳ ಬೇರನ್ನು ಪರೀಕ್ಷಿಸಿತು. ಅಲ್ಲೂ ಅದೇ ಅಣಬೆಯ ಹೊದಿಕೆ. 2004ರಲ್ಲಿ ಅವರು ತಮ್ಮ ವಾದ ಪ್ರಕಟಿಸಿದರು. ಎರಡು ದಾಯಾದಿಗಳಲ್ಲೂ ಒಂದೇ ಪದ್ಧತಿ ಇದ್ದರೆ ಅದು ಮೂಲ ಮನೆಯಲ್ಲೇ ಇದ್ದಿರಬೇಕು. ಮಡಗಾಸ್ಕರ್ ಮತ್ತು ಭಾರತದ ನೆಲ ಬೇರೆಯಾದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಜೊತೆ ಅದಕ್ಕೂ ಹಳೆಯದು.

ಸ್ವಲ್ಪ ಊಹಿಸಿಕೊಳ್ಳಿ. ಭಾರತದ ನೆಲ ಆಗ ದಕ್ಷಿಣ ಸಮುದ್ರದಲ್ಲಿ ಒಂಟಿ ದ್ವೀಪ. ಉತ್ತರಕ್ಕೆ ಸರಿಯುತ್ತಿದೆ. ಧೂಪದ ಕುಟುಂಬದ ಬೀಜಗಳು ಭಾರವಾದವು. ಕೆಲವಕ್ಕೆ ರೆಕ್ಕೆಯಿದೆ ನಿಜ, ಆದರೆ ಸಮುದ್ರ ದಾಟುವಂಥದ್ದಲ್ಲ. ತಾಯಿಮರದ ಆಸುಪಾಸಿನಲ್ಲೇ ಬೀಳುತ್ತವೆ. ಈ ವಾದದಂತೆ ಅವು ನೆಲದ ಜೊತೆಗೇ ಬಂದವು, ಬೇರಿಗೆ ಅಂಟಿದ ಅಣಬೆಯನ್ನೂ ತಂದವು. ದಾರಿಯಲ್ಲಿ, 6.6 ಕೋಟಿ ವರ್ಷಗಳ ಹಿಂದೆ, ದಖ್ಖನ್ನಿನ ಜ್ವಾಲಾಮುಖಿಗಳು ಲಾವಾ ಸುರಿಸಿದವು. ಬೆಳಗಾವಿ, ವಿಜಯಪುರದ ಕರಿಕಲ್ಲು ಆ ಲಾವಾದ್ದೇ. ಮರವೂ ಉಳಿಯಿತು, ಅಣಬೆಯೂ ಉಳಿಯಿತು. ಸಾಕ್ಷಿ ಬೇಕೆ? ಗುಜರಾತಿನ ಲಿಗ್ನೈಟ್ ಗಣಿಗಳಲ್ಲಿ 5 ಕೋಟಿ ವರ್ಷಕ್ಕೂ ಹಳೆಯ ಅಂಬರ್ ಸಿಗುತ್ತದೆ. ಅಂಬರ್ ಎಂದರೆ ಗಟ್ಟಿಯಾದ ಮರದ ಅಂಟು. ಸಾಲುಧೂಪ ಗೀರಿದರೆ ಬರುತ್ತದಲ್ಲ, ಅದೇ ಕುಟುಂಬದ ಅಂಟು. ಆ ಅಂಬರಿನೊಳಗೆ ಪುಟ್ಟ ಬೇರಿನ ತುದಿಗಳು ಸಿಕ್ಕಿಬಿದ್ದಿವೆ, ಅಣಬೆಯ ಹೊದಿಕೆ ಸಮೇತ! 2011ರಲ್ಲಿ ಅದರ ವಿವರ ಪ್ರಕಟವಾಯಿತು. ಮುಂದೆ ಭಾರತದ ನೆಲ ಏಷ್ಯಾಕ್ಕೆ ಬಂದು ತಾಗಿತು. ಮಲೇಷ್ಯಾ, ಬೋರ್ನಿಯೋದ ದೊಡ್ಡ ಕಾಡುಗಳಿಗೆ ಈ ಕುಟುಂಬ ಹೋದದ್ದು ನಮ್ಮ ನೆಲದ ಮೇಲಿಂದಲೇ ಎಂದು ಅನೇಕ ವಿಜ್ಞಾನಿಗಳ ಮತ.

ಹಾಗಾದರೆ ಈ ಜೊತೆಗಾರ ಅಣಬೆಗಳು ಯಾವುವು? ಕೊಡಗಿನ ಉಪ್ಪಂಗಳದ ಧೂಪದ ಕಾಡಿನಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಕೆ. ನಟರಾಜನ್ ಮತ್ತು ಸಂಗಡಿಗರು ಹುಡುಕಾಡಿ 2005ರಲ್ಲಿ ದೊಡ್ಡ ಪಟ್ಟಿ ಕೊಟ್ಟರು. ರಸುಲಾ ಅದರಲ್ಲಿ ಒಂದು. ಕೆಂಪು ಅಥವಾ ಬಿಳಿಯ ಕೊಡೆ, ಕಾಂಡ ಬಗ್ಗುವುದಿಲ್ಲ, ಟಪ್ಪೆಂದು ಮುರಿಯುತ್ತದೆ. ಅಮಾನಿಟಾ ಇನ್ನೊಂದು. ಕಾಂಡದ ಮೇಲೊಂದು ಬಳೆ, ಬುಡದಲ್ಲೊಂದು ಬಟ್ಟಲು. ಇದರಲ್ಲಿ ಜೀವ ತೆಗೆಯುವ ಜಾತಿಗಳಿವೆ. ಗುರುತಿಲ್ಲದ ಅಣಬೆಯನ್ನು ಯಾರು ಕೊಟ್ಟರೂ ತಿನ್ನಬೇಡಿ. ಅದೇ ವರ್ಷ ಧೂಪದ ಕುಟುಂಬದ ಜೊತೆಗಾರನೆಂದು ಒಂದು ಹೊಸ ಅಣಬೆಗೆ ಪಿಸೊಲಿಥಸ್ ಇಂಡಿಕಸ್ ಎಂದು ಹೆಸರಿಟ್ಟರು. ಕರಾವಳಿಯವರಿಗೆ ಪರಿಚಯವಿರುವುದು ಕಲ್ಲಣಬೆ. ಮೊದಲ ಗುಡುಗು ಮಳೆಗೆ ಮುರಕಲ್ಲಿನ ನೆಲದಲ್ಲಿ ಸಿಗುವ ಗುಂಡನೆಯ ಗಟ್ಟಿ ಅಣಬೆ. ಅದಕ್ಕೆ ಕೊಡೆಯೇ ಇಲ್ಲ. ಅದೂ ಬೇರಿನ ಜೊತೆಗಾರನೇ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಅದರ ಮೇಲೆ ಅಧ್ಯಯನ ನಡೆದಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮರಗಳು ಅಣಬೆಯ ಬಲೆಯ ಮೂಲಕ ಮಾತಾಡಿಕೊಳ್ಳುತ್ತವೆ, ತಾಯಿಮರ ಮಕ್ಕಳಿಗೆ ಉಣಿಸುತ್ತದೆ ಎಂಬ ಕಥೆ ಈಗ ಎಲ್ಲೆಡೆ ಓಡಾಡುತ್ತಿದೆ. ಇದರ ಮೂಲ 1997ರಲ್ಲಿ ಕೆನಡಾದ ಸುಜಾನ್ ಸಿಮಾರ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ. 2023ರಲ್ಲಿ ಮೂವರು ವಿಜ್ಞಾನಿಗಳು ಎಲ್ಲ ಪುರಾವೆಗಳನ್ನೂ ಮತ್ತೆ ಪರಿಶೀಲಿಸಿದರು. ಕಾಡಿನಲ್ಲಿ ಇದು ನಡೆಯುತ್ತದೆ ಎನ್ನಲು ಆಧಾರ ಸಾಲದು ಎಂದರು. ಆ ಮೂವರಲ್ಲಿ ಒಬ್ಬರು 1997ರ ಪ್ರಬಂಧದ ಸಹಲೇಖಕಿಯೇ! ನನಗೂ ಈ ತಾಯಿ-ಮಗುವಿನ ಕಥೆ ಅತಿಯಾಯಿತು ಎನಿಸುತ್ತದೆ. ಅಣಬೆಗೆ ದಾನಧರ್ಮದ ಅಗತ್ಯವಿಲ್ಲ. ಲೆಕ್ಕ ಸರಿಹೋಗದಿದ್ದರೆ ಕೊಡುವುದನ್ನು ಕಡಿಮೆ ಮಾಡುವ ಜೀವಿಗಳಿವು. ಮೋಸವೂ ಉಂಟು. ನಮ್ಮ ಸೀತಾಳೆ ದಂಡೆಯನ್ನೇ ನೋಡಿ. ಅದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಅನ್ನವೇ ಇಲ್ಲ. ಶಿಲೀಂಧ್ರ ಬಂದು ಉಣಿಸಿದರೆ ಮಾತ್ರ ಮೊಳಕೆ. ಆ ಹಂತದಲ್ಲಿ ಸೀತಾಳೆ ವಾಪಸು ಕೊಡುವುದು ಏನೂ ಇಲ್ಲ.

ಇಷ್ಟು ಹಳೆಯ ಜೊತೆ, ಇಷ್ಟು ಬಿಗಿಯಾದ ಜೊತೆ ಎಂದು ಹೇಳಿದೆ. ಈಗ ನಮ್ಮ ಪಾಲಿನ ಮಾತು.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯವರು ಕಳಾಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತರು. ಪಾಂಡುರಂಗ ಹೆಗಡೆಯವರು ಮುಂದಾಳಾಗಿದ್ದ ಅಪ್ಪಿಕೋ ಚಳವಳಿ ಅದು. ಅಂದಿನಿಂದ ನಾವು ಮರದ ಲೆಕ್ಕ ಇಡುವುದನ್ನು ಕಲಿತಿದ್ದೇವೆ. ಮರದಡಿಯ ಮಣ್ಣಿನ ಲೆಕ್ಕ ಇನ್ನೂ ಕಲಿತಿಲ್ಲ. ಕಾನು ಕಡಿದ ಜಾಗದಲ್ಲಿ ಅಕೇಶಿಯಾ ಎಬ್ಬಿಸಿ ಕಾಡು ಬಂತು ಎಂದವರಿದ್ದಾರೆ. ಅಕೇಶಿಯಾ ಯಾವ ಬರಡಿನಲ್ಲೂ ಏಳುತ್ತದೆ. ಹೈಗ ಏಳುವುದಿಲ್ಲ. ಬುಡದಲ್ಲಿ ಅದರ ಅಣಬೆ ಇರಬೇಕು. ಅಣಬೆ ಇರಬೇಕಾದರೆ ಅಲ್ಲಿ ಹೈಗ ಇರಬೇಕು. ಎರಡೂ ಒಟ್ಟಿಗೆ ಹೋದ ಜಾಗಕ್ಕೆ ಎರಡನ್ನೂ ಒಟ್ಟಿಗೇ ತರಬೇಕಾಗುತ್ತದೆ. ಕತ್ತಲೆಕಾನಿನಂಥ ಹಳೆಯ ತುಂಡುಗಳು, ದೇವರ ಹೆಸರಿನಲ್ಲಿ ಉಳಿದ ಕಾನುಗಳು ಬೆಲೆಬಾಳುವುದು ಇದಕ್ಕೇ. ಮಾಧವ ಗಾಡ್ಗೀಳ್, ಎಂ.ಡಿ. ಸುಭಾಷ್ ಚಂದ್ರನ್ ಅವರು ಈ ಕಾನುಗಳ ಮಹತ್ವವನ್ನು ಹಿಂದೆಯೇ ಬರೆದಿದ್ದಾರೆ. ಜೊತೆಗಾರರ ಬೀಜದ ಕಣಜ ಈಗ ಹೆಚ್ಚಾಗಿ ಉಳಿದಿರುವುದು ಅಲ್ಲೇ.

ಸೊಪ್ಪಿನಬೆಟ್ಟದ ವಿಷಯವನ್ನೂ ಹೇಳಬೇಕು. ಒಂದು ಎಕರೆ ತೋಟಕ್ಕೆ ಸುಮಾರು 9 ಎಕರೆ ಬೆಟ್ಟ ಎಂಬುದು ಬ್ರಿಟಿಷರ ಕಾಲದಿಂದ ಬಂದ ಲೆಕ್ಕ. ಸೊಪ್ಪು ಕಡಿಯುತ್ತೇವೆ, ದರಕು ಗುಡಿಸುತ್ತೇವೆ. ತೋಟ ನಿಂತಿರುವುದೇ ಅದರ ಮೇಲೆ. ಬಿಡಿ ಎಂದು ನಾನು ಹೇಳಿದರೆ ನೀವು ಕೇಳುವುದೂ ಇಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಹೈಗವೋ ಸಾಲುಧೂಪವೋ ಇರುವ ಕಡೆ, ಮರದ ಬುಡದ ಸುತ್ತ ಒಂದೆರಡು ಮಾರು ಜಾಗದ ದರಕನ್ನು ಗುಡಿಸದೆ ಬಿಡಿ. ಎಳೆಬೇರು ಮತ್ತು ನೂಲು ಇರುವುದು ಮೇಲಿನ ನಾಲ್ಕು ಬೆರಳು ಮಣ್ಣಿನಲ್ಲಿ. ಹೊದಿಕೆ ಕಿತ್ತರೆ ಬೇಸಿಗೆಯಲ್ಲಿ ಒಣಗುತ್ತದೆ.

ಸಸಿ ಮಾಡುವವರಿಗೂ ಒಂದು ಮಾತು. ಪ್ಲಾಸ್ಟಿಕ್ ಚೀಲಕ್ಕೆ ಬರಿಯ ಕೆಂಪು ಮಣ್ಣು, ಗೊಬ್ಬರ ತುಂಬಿ ಹೈಗದ ಬೀಜ ಊರಬೇಡಿ. ನಿಮ್ಮ ಬೆಟ್ಟದಲ್ಲೇ ಇರುವ ಹಳೆಯ ಹೈಗದ ಬುಡದಿಂದ ಒಂದು ಹಿಡಿ ಮಣ್ಣು ತಂದು ಪ್ರತಿ ಚೀಲಕ್ಕೂ ಬೆರೆಸಿ. ಆಗ್ನೇಯ ಏಷ್ಯಾದ ಅರಣ್ಯ ಸಸಿತೋಟಗಳಲ್ಲಿ ಹೀಗೆ ಮಾಡುವ ರೂಢಿಯಿದೆ. ಮೀಸಲು ಕಾಡಿನ ಮಣ್ಣಿಗೆ ಕೈಹಾಕಬೇಡಿ. ಅರಣ್ಯ ಇಲಾಖೆಯನ್ನು ಕೇಳಿ. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವೇ ಇದೆ, ಅಲ್ಲಿ ವಿಚಾರಿಸಿ. ಗುರುತಿಲ್ಲದ ಅಣಬೆಯನ್ನು ಯಾರು ಕೊಟ್ಟರೂ ತಿನ್ನಬೇಡಿ. ಮತ್ತೆ, ಹೈಗದ ಬೀಜವನ್ನು ಡಬ್ಬಿಯಲ್ಲಿ ಕಟ್ಟಿಡಲು ಬರುವುದಿಲ್ಲ. ಬಿದ್ದ ಕೆಲವೇ ವಾರಗಳಲ್ಲಿ ಅದು ಸಾಯುತ್ತದೆ. ಆರಿಸುವುದಿದ್ದರೆ ಮಳೆಯ ಆರಂಭದಲ್ಲೇ ಆರಿಸಿ, ಅದೇ ವಾರ ಮಣ್ಣಿಗೆ ಹಾಕಿ.